ಹುಬ್ಬಳ್ಳಿಯ ಒತ್ತಿಗಾಗಿ ಲೈಪ್‌ಜಿಗ್ಗಿನಲ್ಲಿ ಜಗಳ

ನಾನು ಜರ್ಮನಿಗೆ ಹೋಗಿ ಬಂದ ಸುದ್ದಿ ಹರಡಿದ ಮೇಲೆ ಧಾರವಾಡದ ಸಪ್ತಾಪುರದ ನಮ್ಮ ಓಣಿಯಲ್ಲಿ ಎದುರಾದವರೆಲ್ಲ ಒಂದೇ ಮಾತು ಕೇಳಿದರು: "ಅಲ್ಲೆ ಏನೇನು ನೋಡಿದ್ರಿ ಅಕ್ಕಾರ?" ನಾನು ನೋಡಿದ್ದು ಸ್ವಲ್ಪ, ಜಗಳವಾಡಿದ್ದು ಬಹಳ. ಹಾಗೆ ಹೇಳಿದರೆ ಜನ ನಗುತ್ತಾರೆ. ಪರದೇಶಕ್ಕೆ ಹೋದವರು ಅಲ್ಲಿಯ ಚಂದವನ್ನು ಬಾಯಿ ತುಂಬ ಹೊಗಳಬೇಕು, ಕೊನೆಗೆ ನಮ್ಮ ಊರೇ ಮೇಲು ಅನ್ನಬೇಕು, ಅದು ರೂಢಿ. ನನಗೆ ಎರಡೂ ಆಗಲಿಲ್ಲ. ಅಲ್ಲಿಯೂ ಸಿಟ್ಟು ಬಂತು, ಇಲ್ಲಿಗೆ ಬಂದ ಮೇಲೆ ಇನ್ನಷ್ಟು ಬಂತು. ಆ ಸಿಟ್ಟು ಆರುವ ಮೊದಲೇ ಬರೆದುಬಿಡುತ್ತೇನೆ.

ಹೊರಡುವ ಮೊದಲು, ಹುಬ್ಬಳ್ಳಿ

ಧಾರವಾಡದ ಒಂದು ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ನಾನು ಭೂಗೋಳ, ಚಿತ್ರಕಲೆ ಕಲಿಸುತ್ತೇನೆ. ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಕನ್ನಡ ನಾಡು ಒಂದಾಗಿ ಕೆಲವು ವರ್ಷ ಕಳೆದಿದ್ದರೂ ನಮ್ಮ ಶಾಲೆಗಳ ಗೋಡೆಯ ಮೇಲೆ ಮುಂಬೈ ಪ್ರಾಂತದ ಹರಕು ನಕಾಶೆಗಳೇ ನೇತಾಡುತ್ತಿದ್ದವು. ಹೊಸ ರಾಜ್ಯದ ದೊಡ್ಡ ಗೋಡೆ ನಕಾಶೆಯನ್ನು ಕನ್ನಡದಲ್ಲಿ ಬರೆಯುವ ಕೆಲಸವನ್ನು ವಿದ್ಯಾ ಇಲಾಖೆಯವರು ನನಗೆ ಒಪ್ಪಿಸಿದರು. ಬೆಟ್ಟ, ಹೊಳೆ, ಜಿಲ್ಲೆಯ ಗಡಿ, ಊರುಗಳ ಹೆಸರು, ಎಲ್ಲವನ್ನೂ ನನ್ನ ಕೈಯಿಂದಲೇ ಬರೆದೆ. ಮುಗಿಯುವ ಹೊತ್ತಿಗೆ ನಡುಬೆರಳಿನ ಮೇಲೆ ಲೇಖನಿ ಒತ್ತಿದ ಜಾಗ ಕಲ್ಲಿನಂತಾಗಿತ್ತು.

ಪ್ರಕಾಶಕರು ಅಂಗಡಿ ಎಂಬ ಅಡ್ಡಹೆಸರಿನ ಸಾಹುಕಾರರು. ಹತ್ತಿಯ ವ್ಯಾಪಾರದಲ್ಲಿ ಗಳಿಸಿ ಶಾಲೆಯ ಪುಸ್ತಕಗಳಿಗೆ ಕೈಹಾಕಿದವರು. ನಕಾಶೆಯನ್ನು ಅವರು ಮೊದಲು ಹುಬ್ಬಳ್ಳಿಯಲ್ಲೇ ಕಲ್ಲಚ್ಚಿನಲ್ಲಿ ಮಾಡಿಸಬೇಕೆಂದಿದ್ದರು. ಆ ಛಾಪಖಾನೆಗೆ ನಾನೂ ಹೋಗಿ ನೋಡಿದ್ದೆ. ನುಣ್ಣಗೆ ತಿಕ್ಕಿದ ಹಾಸುಗಲ್ಲಿನ ಮೇಲೆ ಜಿಡ್ಡು ಬೆರೆತ ಮಸಿಯಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬರೆಯುತ್ತಾರೆ. ಕಲ್ಲಿಗೆ ನೀರು ಸವರಿ ಅದರ ಮೇಲೆ ಮಸಿ ಉರುಳಿಸಿದರೆ ಜಿಡ್ಡು ಇದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ, ಒದ್ದೆ ಕಲ್ಲಿಗೆ ಹಿಡಿಯುವುದಿಲ್ಲ. ಕಾಗದ ಇಟ್ಟು ಒತ್ತಿದರೆ ಬರಹ ನೆಟ್ಟಗೆ ಮೂಡುತ್ತದೆ. ಲಗ್ನಪತ್ರಿಕೆ, ಬೀಡಿ ಕಟ್ಟಿನ ಚೀಟಿ, ನಾಟಕದ ಕಂಪನಿಯ ಜಾಹೀರಾತು ಎಲ್ಲ ಅಲ್ಲಿ ಹೀಗೆಯೇ ಆಗುತ್ತಿದ್ದವು. ಆದರೆ ನನ್ನ ನಕಾಶೆ ಹಿಡಿಸುವಷ್ಟು ದೊಡ್ಡ ಕಲ್ಲು ಅವರ ಹತ್ತಿರ ಇರಲಿಲ್ಲ. ಪೂರ್ವ ಜರ್ಮನಿಯವರು ರೂಪಾಯಿಯಲ್ಲೇ ವ್ಯವಹಾರ ಮಾಡುತ್ತಾರೆಂದು ಯಾರೋ ಹೇಳಿದರು. ನಕಾಶೆ ಪೆಟ್ಟಿಗೆಯಲ್ಲಿ ಕೂತು ಲೈಪ್‌ಜಿಗ್ಗಿಗೆ ಹೋಯಿತು.

ಬರೆದವರೇ ಹೋಗಿ ಅಚ್ಚಿನ ಕರಡು ನೋಡಬೇಕೆಂದು ಇಲಾಖೆಯ ಸಾಹೇಬರು ಪಟ್ಟು ಹಿಡಿದರು. ಆ ದಿನ ಅವರ ಕಚೇರಿಯಲ್ಲಿ ನಾನೂ ಇದ್ದೆ. ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಅಂಗಡಿಯವರು ಸಾಹೇಬರಿಗೆ ಹೇಳಿದರು: "ಒಬ್ಬ ಹೆಣ್ಮಗಳನ್ನ ಅಷ್ಟು ದೂರ ಕಳಸೂದು ಹೆಂಗ್ರಿ? ನನ್ನ ಮಗ ಹೋಗಿ ಬರ್ತಾನ."

"ನಿಮ್ಮ ಮಗ ನಕಾಶಿ ಬರದಾನೇನು?" ಎಂದು ಸಾಹೇಬರು ಕೇಳಿದರು.

ಹೊರಗೆ ಬಂದ ಮೇಲೆ ಅಂಗಡಿಯವರು ನನ್ನ ಕಡೆ ತಿರುಗಿ ನಕ್ಕರು. "ಹೋಗಿ ಬರ್ರಿ ಅಕ್ಕಾರ. ಅಲ್ಲೆ ನಮ್ಮ ಪಾಟೀಲರು ಇದ್ದಾರ, ಎಲ್ಲಾ ನೋಡ್ಕೋತಾರ. ನೀವು ಒಂದು ಸಹಿ ಮಾಡಿ, ಊರು ನೋಡ್ಕೊಂಡು ಬರ್ರಿ." ಮಗನ ಹಳೆಯ ಓವರ್‌ಕೋಟನ್ನೂ ಕೊಟ್ಟು ಕಳಿಸಿದರು. ಅದರ ತೋಳು ನನ್ನ ಬೆರಳ ತುದಿ ದಾಟಿ ಒಂದು ಗೇಣು ಕೆಳಗೆ ಜೋತಾಡುತ್ತಿತ್ತು.

ಪ್ರಾಗ್ ನಿಲ್ದಾಣ

ಮುಂಬೈಯಿಂದ ಪ್ರಾಗ್‌ವರೆಗೆ ವಿಮಾನ, ಅಲ್ಲಿಂದ ಮುಂದೆ ರೈಲು. ಪ್ರಾಗ್‌ನ ರೈಲು ನಿಲ್ದಾಣದ ಚಹಾ-ಫರಾಳದ ಕೋಣೆಯಲ್ಲಿ ಮೊದಲ ಜಗಳವಾಯಿತು. ಬಾಗಿಲಲ್ಲೇ ಒಬ್ಬ ದಪ್ಪ ಮುದುಕಿ ಕೂತಿದ್ದಳು. ಒಳಗೆ ಹೋಗುವವರು ಕೋಟು ಬಿಚ್ಚಿ ಅವಳ ಕೈಗೆ ಕೊಡಬೇಕು, ಅವಳು ಅದನ್ನು ಗೂಟಕ್ಕೆ ಹಾಕಿ ಬಿಲ್ಲೆ ಕೊಡಬೇಕು. ನಮ್ಮಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುವ ಹಾಗೆ ಅವರಲ್ಲಿ ಕೋಟು. ನಾನು ಕೊಡಲಿಲ್ಲ. ಒಳಗೆ ತೆಳ್ಳನೆಯ ಸ್ವೆಟರಿನ ಕೆಳಗೆ ಇಳಕಲ್ ಸೀರೆ. ಚಳಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ಅವಳು ತೋಳು ಹಿಡಿದು ಎಳೆದಳು, ನಾನೂ ಎಳೆದೆ. ಜೋತಾಡುವ ತೋಳು ಅವಳ ಕೈಯಲ್ಲೇ ಉಳಿದೀತೆಂದು ಹೆದರಿ ನಾನು ಹೊರಗೆ ಬಂದೆ. ಚಹಾ ಕುಡಿಯದೆಯೇ ರೈಲು ಹತ್ತಿದೆ.

ಡಬ್ಬಿಯಲ್ಲಿ ಆರು ಜನ ಕೂತಿದ್ದರೂ ಸ್ಮಶಾನದ ಮೌನ. ನಮ್ಮ ಹುಬ್ಬಳ್ಳಿ ಲೋಕಲ್ಲಿನಲ್ಲಾದರೆ ಕುಂದಗೋಳ ಬರುವುದರೊಳಗೆ ಎದುರಿಗೆ ಕೂತವರ ಮಗಳ ಲಗ್ನ ಎಲ್ಲಿಗೆ ಬಂದಿದೆ ಎಂಬುದು ಗೊತ್ತಾಗಿರುತ್ತದೆ. ಇಲ್ಲಿ ಎಲ್ಲರೂ ಪುಸ್ತಕದೊಳಗೆ ಮುಖ ಹುದುಗಿಸಿದ್ದರು. ಯಾರೂ ಯಾರನ್ನೂ ಯಾರ ಪೈಕಿ, ಯಾವ ಜಾತಿ ಎಂದು ಕೇಳಲಿಲ್ಲ. ಆ ಒಂದು ಸುಖಕ್ಕೆ ನಾನು ಉಳಿದದ್ದನ್ನೆಲ್ಲ ಕ್ಷಮಿಸಿದೆ. ಆ ಸುಖ ಲೈಪ್‌ಜಿಗ್ ನಿಲ್ದಾಣದವರೆಗೆ ಮಾತ್ರ ಉಳಿಯಿತು.

ಲೈಪ್‌ಜಿಗ್, ಮೊದಲ ಸಂಜೆ

ಪಾಟೀಲರು ನಿಲ್ದಾಣಕ್ಕೆ ಬಂದಿದ್ದರು. ನಡುವಯಸ್ಸು ದಾಟಿದವರು, ಅಚ್ಚುಕಟ್ಟಾದ ಟೊಪ್ಪಿಗೆ, ಮಾತು ಮಾತ್ರ ನಿನ್ನೆ ಧಾರವಾಡ ಬಿಟ್ಟು ಬಂದವರ ಹಾಗೆ. ನಮ್ಮ ಕಡೆಯ ವ್ಯಾಪಾರಿಗಳಿಗೂ ಅಲ್ಲಿಯ ಕಾರಖಾನೆಗಳಿಗೂ ನಡುವೆ ಏಜೆಂಟರಾಗಿ ಬಹಳ ವರ್ಷದಿಂದ ಅಲ್ಲೇ ಇದ್ದರು. ಪರದೇಶದಲ್ಲಿ ಕಿವಿಗೆ ಬಿದ್ದ ಮೊದಲ ಕನ್ನಡ ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು.

"ಬರ್ರಿ ಅಕ್ಕಾರ, ಬರ್ರಿ. ಪ್ರವಾಸ ಆರಾಮ ಆತಲ್ಲ? ನಾಳೆ ಮಧ್ಯಾಹ್ನ ನಮ್ಮ ಮನ್ಯಾಗ ಊಟ. ನಮ್ಮಾಕಿ ಗದಗಿನಾಕಿ, ಜ್ವಾಳದ ಹಿಟ್ಟು ಊರಿಂದ ತರಿಸ್ಯಾಳ. ರೊಟ್ಟಿ ಬಡದು ಹಾಕ್ತಾಳ."

ಟ್ರಾಮಿನಲ್ಲಿ ಕೂತೆವು. ಹೊರಗೆ ಯುದ್ಧದಲ್ಲಿ ಬಿದ್ದ ಮನೆಗಳು ಇನ್ನೂ ಹಾಗೆಯೇ ಇದ್ದವು. ಕಿಟಕಿಗಳಿದ್ದ ಗೋಡೆ ಮಾತ್ರ ನಿಂತಿತ್ತು, ಹಿಂದೆ ಮನೆಯಿಲ್ಲ. ಕಲ್ಲಿದ್ದಲ ಹೊಗೆಯ ವಾಸನೆ. ಪಾಟೀಲರು ಧಾರವಾಡದ ಪೇಟೆ, ಮಾಳಮಡ್ಡಿ ಎಲ್ಲವನ್ನೂ ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿ, "ಅಕ್ಕಾರ, ನಿಮ್ಮದು ಯಾರ ಪೈಕಿ ಆತು?" ಎಂದರು.

"ಬೌದ್ಧರು," ಎಂದೆ. ಅಪ್ಪ ಧರ್ಮ ಸ್ವೀಕಾರ ಮಾಡಿ ಆಗ ಬಹಳ ದಿನವಾಗಿರಲಿಲ್ಲ.

"ಹಾಂ. ಅದು ಈಗ. ಅದಕ್ಕಿಂತ ಮೊದಲು?"

"ಮೊದಲು ಸಣ್ಣಾಕಿದ್ದೆ. ಈಗ ದೊಡ್ಡಾಕಿ ಆಗೇನಿ."

ಅವರು ನಕ್ಕರು, ಆದರೆ ಮುಂದೆ ಮಾತು ಬೆಳೆಸಲಿಲ್ಲ. ನನ್ನನ್ನು ಒಂದು ಮನೆಯ ಬಾಡಿಗೆ ಕೋಣೆಗೆ ಬಿಟ್ಟು ಹೋದರು. ಮರುದಿನ ಬೆಳಿಗ್ಗೆ ಬಂದು, "ನಮ್ಮಾಕಿಗೆ ಮೈಯಾಗ ಛಲೋ ಇಲ್ಲರಿ. ಊಟ ಮತ್ತ್ಯಾವಾಗರ ಮಾಡೂಣು," ಎಂದರು. ಅವರ ಹೆಂಡತಿಗೆ ನಿಜಕ್ಕೂ ಜ್ವರ ಬಂದಿದ್ದೀತು. ಬಂದಿರಲಿಲ್ಲವೆಂದು ನನ್ನ ಮೈಯ ಒಂದೊಂದು ಎಲುಬೂ ಹೇಳುತ್ತಿತ್ತು. ಏಳು ಸಮುದ್ರ ದಾಟಿ ಬಂದರೂ ಆ ಪ್ರಶ್ನೆ ನನಗಿಂತ ಮೊದಲೇ ಬಂದು ಟ್ರಾಮಿನಲ್ಲಿ ಜಾಗ ಹಿಡಿದು ಕೂತಿತ್ತು.

ಲೈಪ್‌ಜಿಗ್, ಕಾಯುವ ದಿನಗಳು

ಕರಡು ಯಾವಾಗ ಎಂದು ಕೇಳಿದರೆ ಪಾಟೀಲರದು ಒಂದೇ ಉತ್ತರ: "ನಾಳೆ." ಮೃಗಾಲಯ ತೋರಿಸಿದರು. ಚರ್ಚಿನಲ್ಲಿ ವಾದ್ಯ ಕೇಳಿಸಿದರು. ಯಾವುದೋ ಯುದ್ಧದ ದೊಡ್ಡ ಸ್ಮಾರಕದ ಮೆಟ್ಟಿಲು ಹತ್ತಿಸಿದರು. ಹುಲಿಯ ಬೋನಿನ ಮುಂದೆ ನಿಂತಾಗಲೂ ನನ್ನ ಕಣ್ಣ ಮುಂದೆ ನಕಾಶೆಯೇ.

ಮನೆಯೊಡತಿ ಒಳ್ಳೆಯವಳು, ಆದರೆ ನಿಯಮ ಅಂದರೆ ನಿಯಮ. ಸ್ನಾನ ಶನಿವಾರ ಮಾತ್ರ, ಆ ದಿನ ಮಾತ್ರ ಬಾಯ್ಲರಿಗೆ ಇದ್ದಲು. ನಾನು ಬುಧವಾರ ಬೆಳಿಗ್ಗೆ ಎದ್ದು ತಣ್ಣೀರು ಹೊಯ್ದುಕೊಂಡೆ. ಹಿಮದಂಥ ನೀರು. ನನ್ನ ಕೂಗು ಕೇಳಿ ಅವಳು ಬಾಗಿಲು ಬಡಿದಳು, ಯಾರಾದರೂ ಸತ್ತರೇನೋ ಎಂದು. ಅವಳಿಗೆ ನನ್ನದು ಹುಚ್ಚು, ನನಗೆ ಅವಳದು ಹೊಲಸು. ಈರುಳ್ಳಿಗೆ ಜನ ಅಂಗಡಿಯ ಮುಂದೆ ಸಾಲು ನಿಂತಿದ್ದನ್ನು ನೋಡಿದೆ. ಯಾರೂ ನುಗ್ಗುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಈರುಳ್ಳಿ ಮುಗಿಯಿತೆಂದಾಗ ಉಳಿದವರು ಚೀಲ ಮಡಿಚಿಕೊಂಡು ಸುಮ್ಮನೆ ಹೋದರು. ಅವರ ಶಾಂತಿ ನೋಡಿ ಎಲ್ಲರೂ ಹೊಗಳುತ್ತಾರೆ. ನನಗೆ ಮಾತ್ರ ಒಬ್ಬರಾದರೂ ಗದ್ದಲ ಮಾಡಬಾರದೇ ಅನ್ನಿಸಿತು.

ಕೊನೆಗೆ ಒಂದು ಬೆಳಿಗ್ಗೆ ಪಾಟೀಲರು ಬರುವ ಮೊದಲೇ ನಾನು ಕೋಟು ಹಾಕಿಕೊಂಡು ಹೊರಬಿದ್ದೆ. ಛಾಪಖಾನೆಯ ವಿಳಾಸ ನನ್ನ ಹತ್ತಿರ ಇತ್ತು. ಟ್ರಾಮಿನ ಕಂಡಕ್ಟರಳಿಗೆ ತೋರಿಸಿದೆ. ಅವಳು ನನ್ನ ಭುಜ ಹಿಡಿದು ಸರಿಯಾದ ಜಾಗದಲ್ಲಿ ಇಳಿಸಿದಳು.

ಯಂತ್ರದ ಮನೆ

ಬಾಗಿಲು ಕಾಯುವವನು ನನ್ನ ಸೀರೆ ನೋಡಿ ಎದ್ದು ನಿಂತು ತಲೆಬಾಗಿದ. ಯಾವುದೋ ನಿಯೋಗದವಳೆಂದು ತಿಳಿದನೋ ಏನೋ, ಏನೂ ಕೇಳದೆ ಒಳಗೆ ಬಿಟ್ಟ. ನೆಲ ನಡುಗುತ್ತಿತ್ತು. ಸದ್ದು ಬಂದ ಕಡೆ ನಡೆದೆ.

ಅಷ್ಟು ದೊಡ್ಡ ಯಂತ್ರಗಳನ್ನು ನಾನು ನೋಡಿರಲಿಲ್ಲ. ಹುಬ್ಬಳ್ಳಿಯ ಕಲ್ಲಿನದೇ ವಿದ್ಯೆ, ಅದೇ ಜಿಡ್ಡು, ಅದೇ ನೀರು. ಆದರೆ ಕಲ್ಲಿನ ಜಾಗದಲ್ಲಿ ತೆಳ್ಳನೆಯ ಸತುವಿನ ತಗಡು ಉರುಳೆಗೆ ಸುತ್ತಿಕೊಂಡಿತ್ತು. ತಗಡಿನ ಮಸಿ ಪಕ್ಕದ ರಬ್ಬರಿನ ಉರುಳೆಗೆ, ರಬ್ಬರಿನಿಂದ ಕಾಗದಕ್ಕೆ. ಹೀಗೆ ಎರಡು ಸಲ ಮಗುಚುವುದರಿಂದ ತಗಡಿನ ಮೇಲೆ ಅಕ್ಷರ ನೆಟ್ಟಗೇ ಇರಬಹುದು, ಕನ್ನಡಿಯ ಬರಹ ಬೇಕಿಲ್ಲ. ಒಂದು ಯಂತ್ರದಲ್ಲಿ ಔಷಧಿಯ ಚೀಟಿ, ಇನ್ನೊಂದರಲ್ಲಿ ಸಿನೆಮಾದ ದೊಡ್ಡ ಚಿತ್ರ, ಮತ್ತೊಂದರಲ್ಲಿ ಬಿಸ್ಕತ್ತಿನ ಡಬ್ಬಿಯ ತಗಡಿನ ಮೇಲೆ ಗುಲಾಬಿ ಹೂ. ಕಾಗದವಿರಲಿ ತಗಡಿರಲಿ, ಯಂತ್ರ ಎಲ್ಲವನ್ನೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಒತ್ತುತ್ತಿತ್ತು. ಬೆರಗಾಗಿ ನಿಂತೆ. ಇದಿಷ್ಟನ್ನು ನಾನು ಸುಳ್ಳು ಹೇಳುವುದಿಲ್ಲ, ಆ ಕ್ಷಣ ಸಂತೋಷವೇ ಆಯಿತು.

ಕೊನೆಯ ಯಂತ್ರದ ಹತ್ತಿರ ನನ್ನ ನಕಾಶೆ ಹಾರಿ ಬಂದು ಬೀಳುತ್ತಿತ್ತು.

ಕರಡಲ್ಲ. ನಿಜವಾದ ಛಾಪು. ಕಂದು, ಹಸಿರು, ನೀಲಿ ಮೊದಲೇ ಒತ್ತಿ ಆಗಿತ್ತು, ಈಗ ಕೊನೆಯ ಕಪ್ಪು ನಡೆಯುತ್ತಿತ್ತು. ಹಾಳೆಗಳ ರಾಶಿ ನನ್ನ ಎದೆಯೆತ್ತರ. ಮೇಲಿನ ಹಾಳೆ ಎಳೆದು ನೋಡಿದೆ. ಹೆತ್ತ ಮಗುವಿನ ಮುಖ ನೋಡುವ ಹಾಗೆ ಮೊದಲು ಕಣ್ಣು ಹೋದದ್ದು ನನ್ನ ಊರಿಗೆ.

"ಹುಬಳಿ" ಎಂದಿತ್ತು.

ಮಸಿ ಹಿಡಿದಿಲ್ಲವೇನೋ ಎಂದು ಇನ್ನೊಂದು ಹಾಳೆ ಎಳೆದೆ. ಹುಬಳಿ. ಬಳ್ಳಾರಿ ಬಳಾರಿಯಾಗಿತ್ತು, ಕೊಪ್ಪಳ ಕೊಪಳ, ಚಿಕ್ಕಮಗಳೂರು ಚಿಕಮಗಳೂರು. ತುಂಗಭದ್ರೆ ತುಂಗಭದೆಯಾಗಿ ಹರಿಯುತ್ತಿದ್ದಳು. ಸಣ್ಣ ಅಕ್ಷರದ ಹೆಸರುಗಳ ಕೆಳಗೆ ಒಂದು ಒತ್ತೂ ಉಳಿದಿರಲಿಲ್ಲ. ಧಾರವಾಡ ನೆಟ್ಟಗೇ ಇತ್ತು. ಆ ಊರಿಗೆ ಒತ್ತೇ ಇಲ್ಲವಲ್ಲ, ಅದಕ್ಕೆ ಯಾವಾಗಲೂ ಏನೂ ಆಗುವುದಿಲ್ಲ.

ಯಂತ್ರ ನಡೆಸುತ್ತಿದ್ದ ಹೆಂಗಸು ನೀಲಿ ಉಡುಪಿನವಳು, ನನ್ನನ್ನು ನೋಡಿ ಏನೋ ಕೂಗಿದಳು. ನಿಲ್ಲಿಸು ಎಂದು ಇಂಗ್ಲಿಷಿನಲ್ಲಿ ಹೇಳಿದೆ, ಕನ್ನಡದಲ್ಲಿ ಹೇಳಿದೆ. ಅವಳು ಕೈಬೀಸಿ ಹೋಗು ಎಂದಳು. ಹಾಳೆಗಳು ಬೀಳುತ್ತಲೇ ಇದ್ದವು: ಹುಬಳಿ, ಹುಬಳಿ, ಹುಬಳಿ. ಯಂತ್ರದ ಪಕ್ಕದಲ್ಲಿ ಕೆಂಪು ಗುಂಡಿ ಇತ್ತು. ಕೆಂಪು ಗುಂಡಿ ಯಾತಕ್ಕೆ ಎಂದು ವರ್ಕ್‌ಶಾಪಿನ ಫಿಟ್ಟರನ ಮಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲೆ ಅಂಗೈ ಇಟ್ಟು ಒತ್ತಿದೆ.

ಯಂತ್ರ ನಿಂತಿತು. ನಾನು ಹುಬಳಿಯ ಹಾಳೆ ಹಿಡಿದೇ ನಿಂತೆ.

ಮ್ಯೂಲರನ ಎರಡು ಚುಕ್ಕಿ

ಆ ವಿಭಾಗದ ಮುಖ್ಯಸ್ಥ ಓಡಿ ಬಂದ. ಎತ್ತರದ ಆಳು, ಬಿಳಿ ಮೀಸೆ, ಮೈಮೇಲೆ ಬೂದುಬಣ್ಣದ ನಿಲುವಂಗಿ, ಅದರ ಎದೆಯ ಮೇಲೆ ಅವನ ಹೆಸರಿನ ಪಟ್ಟಿ: ಮ್ಯೂಲರ್. ಯುದ್ಧದಲ್ಲಿ ಇಂಗ್ಲಿಷರ ಕೈದಿಯಾಗಿದ್ದಾಗ ಕಲಿತ ಹರಕುಮುರುಕು ಇಂಗ್ಲಿಷ್ ಅವನಿಗೆ ಬರುತ್ತಿತ್ತು. ಅದರಲ್ಲಿ ಅರ್ಧ ಬೈಗುಳ. ಅವನ ಹಿಂದೆಯೇ ಪಾಟೀಲರೂ ಬಂದರು. ಕೋಣೆಯಲ್ಲಿ ನಾನಿಲ್ಲದ್ದು ಕಂಡು ನೇರ ಇಲ್ಲಿಗೇ ಬಂದಿದ್ದರು.

ನಾನು ಹಾಳೆ ಹಿಡಿದು ಪಾಟೀಲರ ಮುಖಕ್ಕೆ ಒಡ್ಡಿದೆ. "ಇದೇನ್ರಿ?"

"ಅಕ್ಕಾರ, ಮೊದಲು ಹೊರಗ ಬರ್ರಿ."

"ಇದೇನು ಅಂತ ಕೇಳಾಕತ್ತೇನಿ. ಕರಡು ನಾಳೆ ನಾಳೆ ಅಂದ್ರಿ. ಇಲ್ಲೆ ನೋಡಿದ್ರ ಛಾಪಾಗಿ ಮುಗೀಲಿಕ್ಕೆ ಬಂದೈತಿ. ಯಾರು ಒಪ್ಪಿಗಿ ಕೊಟ್ರು?"

"ನಾನ ಕೊಟ್ಟೆ." ಅವರು ಹಣೆ ಒರೆಸಿಕೊಂಡರು. "ಇಲ್ಲೆ ಯಂತ್ರದ ಸರದಿ ತಪ್ಪಿದ್ರ ಮತ್ತ ಆರು ತಿಂಗಳು ಕಾಯಬೇಕು. ನಿಮ್ಮ ವಿಮಾನದ ಪರವಾನಿಗಿ ತಡಾ ಆತು. ಅದಕ್ಕ ನಾನ ನೋಡಿ ಹೂಂ ಅಂದೆ."

"ನೋಡಿದ್ರ್ಯಾ? ಹುಬ್ಬಳ್ಳಿಗೆ ಒತ್ತಿಲ್ಲದ್ದು ನಿಮ್ಮ ಕಣ್ಣಿಗೆ ಬೀಳಲಿಲ್ಲ?"

"ಬಿತ್ತು. ಆದ್ರ ಅಷ್ಟರಾಗ ತಗಡು ತಯಾರಾಗಿತ್ತು." ಅವರು ದನಿ ಇಳಿಸಿದರು. "ಅಕ್ಕಾರ, ಖರೇ ಹೇಳ್ರಿ. ಹಳ್ಳಿ ಸಾಲಿ ಗ್ವಾಡಿ ಮ್ಯಾಲಿನ ನಕಾಶಿ. ಯಾರು ನೋಡ್ತಾರ?"

ಗೋಪನಕೊಪ್ಪದ ಶಾಲೆಯಲ್ಲಿ ನನ್ನನ್ನು ಹಿಂದಿನ ಗೋಡೆಗೆ ಬೇರೆ ಕೂರಿಸುತ್ತಿದ್ದರು. ಆ ಗೋಡೆಯ ಮೇಲೆ ಒಂದು ನಕಾಶೆ ಇತ್ತು. ಮಾಸ್ತರರು ಮುಂದಿನ ಸಾಲಿನವರ ಪಾಟಿ ಮಾತ್ರ ನೋಡುತ್ತಿದ್ದರು, ನನ್ನದನ್ನು ಮುಟ್ಟುತ್ತಿರಲಿಲ್ಲ. ನಾನು ದಿನವಿಡೀ ಆ ನಕಾಶೆ ಓದಿದೆ. ಊರಿನ ಹೆಸರುಗಳಿಂದಲೇ ಒತ್ತಕ್ಷರ ಕಲಿತೆ. ಯಾರು ನೋಡುತ್ತಾರೆ ಎಂದು ಕೇಳುವವರು ಎಂದೂ ಹಿಂದಿನ ಗೋಡೆಗೆ ಕೂತವರಲ್ಲ.

"ನಾನು ನೋಡ್ತಿದ್ದೆ," ಎಂದೆ. "ಅದನ್ನ ನೋಡೇ ಓದಾಕ ಕಲತೇನಿ. ಈಗ ಈ ಮನಿಶಾಗ ಹೇಳ್ರಿ, ಇದನ್ನ ಹೊರಗ ಬಿಡೂದಿಲ್ಲಂತ."

ಪಾಟೀಲರು ಜರ್ಮನ್ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ಅವರು ಏನು ಹೇಳಿದರೋ, ಮ್ಯೂಲರ್ ಮುಗುಳ್ನಕ್ಕು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಬಹಳ ಸುಂದರ ಲಿಪಿ, ಬಳ್ಳಿಯ ಹಾಗೆ. ನಿಮಗೆ ಇಷ್ಟವಾಯಿತೆಂದು ಸಂತೋಷ," ಎಂದ. ನಾನು ಪಾಟೀಲರ ಮುಖ ನೋಡಿದೆ. ಅವರು ನೆಲ ನೋಡಿದರು. ನಾನು ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ಅವರು ದಾಟಿಸಿರಲಿಲ್ಲ.

ಅಲ್ಲಿಂದ ಮುಂದೆ ಅವರನ್ನು ಬಿಟ್ಟು ನಾನೇ ಮಾತಾಡಿದೆ. ತಪ್ಪು ಎಂದೆ. ಮ್ಯೂಲರನ ನಗು ಹೋಯಿತು. ತಪ್ಪಿಲ್ಲ ಎಂದ. ನಾನು ಬರೆದ ಮೂಲವನ್ನು ಅವರು ಗಾಜಿನ ಮೇಲೆ ಫೋಟೋ ಹಿಡಿದಿದ್ದರು, ಆ ಗಾಜನ್ನು ಅವನ ವಿಭಾಗದಲ್ಲೇ ಶುಚಿ ಮಾಡಿದ್ದರು. "ಅಕ್ಷರಗಳ ಕೆಳಗೆಲ್ಲ ಸಣ್ಣ ಸಣ್ಣ ಕಲೆ. ಬಹಳ ಕೊಳಕು. ನಾವು ಒಂದೊಂದನ್ನೂ ಅಳಿಸಿದೆವು," ಎಂದ ಹೆಮ್ಮೆಯಿಂದ. ಆಗ ತಿಳಿಯಿತು. ನನ್ನ ಒತ್ತಕ್ಷರಗಳು ಅವರಿಗೆ ಧೂಳಾಗಿ ಕಂಡಿದ್ದವು.

ಕಲೆಯಲ್ಲ, ಅಕ್ಷರ ಎಂದೆ. ಅಷ್ಟು ಸಣ್ಣದು ಇಲ್ಲದಿದ್ದರೇನು ಎಂದ. ಆಗ ನನ್ನ ಕಣ್ಣು ಅವನ ಎದೆಯ ಪಟ್ಟಿಗೆ ಹೋಯಿತು. ಹೆಸರಿನಲ್ಲಿ ಒಂದು ಅಕ್ಷರದ ಮೇಲೆ ಎರಡು ಚುಕ್ಕಿ ಇದ್ದವು. ನಾನು ಮುಂದೆ ಹೋಗಿ ಆ ಎರಡು ಚುಕ್ಕಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, "ಮುಲ್ಲರ್," ಎಂದೆ.

"ಮ್ಯೂಲರ್," ಎಂದ.

"ಎಲ್ಲಿ? ಕಲೆ ಇತ್ತು. ನಾನು ಶುಚಿ ಮಾಡಿದೆ. ಮುಲ್ಲರ್."

ಅವನ ಮುಖ ಕೆಂಪಾಯಿತು. ಯಂತ್ರದ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವನು ನನ್ನ ಕೈ ತಳ್ಳಿ, ಹಾಳೆಯನ್ನು ಕಿತ್ತುಕೊಂಡು ಬೆಳಕಿನ ಮೇಜಿನ ಹತ್ತಿರ ಹೋದ. ನನ್ನ ಮೂಲ ತರಿಸಿದ. ಭೂತಗನ್ನಡಿ ಇಟ್ಟು ಒಂದೊಂದೇ ಹೆಸರು ಹೋಲಿಸಿದ. ಕೊನೆಗೆ ಪಾಟೀಲರಿಗೆ ಏನೋ ಒರಟಾಗಿ ಕೇಳಿದ. ಏನು ಕೇಳಿದ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನೀನು ಓದಬಲ್ಲವನಲ್ಲವೇ ಎಂದಿರಬೇಕು.

ಆ ಸಂಜೆ ಪಾಟೀಲರು ನನ್ನ ಕೋಣೆಯ ಬಾಗಿಲಿಗೆ ಬಂದರು. "ಅಕ್ಕಾರ, ಆದದ್ದು ಆತು. ಈ ಸುದ್ದಿ ಅಂಗಡಿ ಸಾಹುಕಾರರಿಗೆ ಬರೀಬ್ಯಾಡ್ರಿ. ಇಲ್ಲೆ ನನ್ನ ಹೆಸರು ಕೆಡತೈತಿ. ಇವತ್ತ ನಮ್ಮ ಮನಿಗೆ ಊಟಕ್ಕ ಬರ್ರಿ. ನಮ್ಮಾಕಿ ಎಣ್ಣಿಗಾಯಿ ಮಾಡಾಕತ್ತಾಳ."

"ಪಾಟೀಲರ, ಊಟಕ್ಕ ಕರಿಯೂದು ಬಂದ ದಿನಾನ ಮುಗದೈತಿ. ಇವತ್ತ ಕರ್ಯಾಕತ್ತಿದ್ದು ಊಟಕ್ಕಲ್ಲ."

ಅವರು ಮೆಟ್ಟಿಲಿಳಿದು ಹೋದರು. ಎಣ್ಣೆಗಾಯಿ ಎಂದದ್ದೇ ನನ್ನ ಬಾಯಲ್ಲಿ ನೀರು ಬಂದಿತ್ತು. ಅದಕ್ಕೂ ಸಿಟ್ಟು ಬಂತು.

ಬರೀ ಒತ್ತುಗಳ ನಕಾಶೆ

ಛಾಪಾದ ಹಾಳೆಗಳನ್ನು ಎಸೆಯುವುದಿಲ್ಲವೆಂದು ಮೇಲಿನವರು ಹೇಳಿದರು. ಆ ದೇಶದಲ್ಲಿ ಕಾಗದಕ್ಕೂ ಸಾಲು ನಿಲ್ಲಬೇಕು. ಉಪಾಯ ಹೇಳಿದವನು ಮ್ಯೂಲರನೇ: ಆಗಿರುವ ಹಾಳೆಗಳ ಮೇಲೆ ಇನ್ನೊಂದು ಸಲ ಕಪ್ಪು ಒತ್ತುವುದು, ಆ ತಗಡಿನಲ್ಲಿ ಕಳೆದುಹೋದ ಒತ್ತುಗಳು ಮಾತ್ರ. ಅವನ್ನು ನಾನೇ ಬರೆಯಬೇಕು.

ಬೆಳಕಿನ ಮೇಜಿನ ಮೇಲೆ ಹುಬಳಿಯ ನಕಾಶೆ, ಅದರ ಮೇಲೆ ಪಾರದರ್ಶಕ ಹಾಳೆ. ಲೇಖನಿ ಹಿಡಿದು ಕೂತೆ. ಹುಬಳಿಯ ಬ ಕೆಳಗೆ ಒಂದು ಬ ಒತ್ತು, ಳಿ ಕೆಳಗೆ ಒಂದು ಳ ಒತ್ತು. ಬಳಾರಿಗೆ ಒಂದು. ಕೊಪಳಕ್ಕೆ ಒಂದು. ಕಣ್ಣು ಉರಿಯುತ್ತಿತ್ತು. ಕೂದಲೆಳೆಯಷ್ಟು ಸರಿದರೂ ಒತ್ತು ಬೇರೆ ಅಕ್ಷರದ ಮಗುವಾಗುತ್ತದೆ. ಮ್ಯೂಲರ್ ದಿನಕ್ಕೆ ನಾಲ್ಕು ಸಲ ಬಂದು ಹಿಂದೆ ನಿಲ್ಲುತ್ತಿದ್ದ. ತಪ್ಪಾಯಿತೆಂದು ಅವನು ಒಮ್ಮೆಯೂ ಹೇಳಲಿಲ್ಲ. ಮೂಲದಲ್ಲಿ ನಾನು ಒತ್ತುಗಳನ್ನು ಅಕ್ಷರಕ್ಕೆ ಇನ್ನೂ ತಗುಲಿಸಿ ಬರೆಯಬೇಕಿತ್ತೆಂದು ಮಾತ್ರ ಹೇಳಿದ. ನಿನಗೆ ಕಣ್ಣಿಲ್ಲದ್ದಕ್ಕೆ ನನ್ನ ಕೈ ಕಾರಣವೇ ಎಂದು ಕನ್ನಡದಲ್ಲಿ ಬೈದೆ. ಅವನು ತಲೆಯಾಡಿಸಿ, ನನ್ನ ಮೊಣಕೈ ಹತ್ತಿರ ಕಾಫಿಯ ಬಟ್ಟಲು ಇಟ್ಟು ಹೋದ.

ಮುಗಿದ ಮೇಲೆ ಕೆಳಗಿನ ನಕಾಶೆ ಎಳೆದು ತೆಗೆದ. ಗಾಜಿನ ಮೇಲೆ ಉಳಿದ ಹಾಳೆಯಲ್ಲಿ ಊರಿಲ್ಲ, ಹೊಳೆಯಿಲ್ಲ, ಗಡಿಯಿಲ್ಲ. ಬರೀ ಒತ್ತುಗಳು, ನಾಡಿನ ಉದ್ದಗಲಕ್ಕೆ ಚೆಲ್ಲಿದ ಹಾಗೆ. ಯಂತ್ರದ ಹೆಂಗಸು ಬಗ್ಗಿ ನೋಡಿ ಏನೋ ಅಂದಳು. ಮ್ಯೂಲರ್ ಇಂಗ್ಲಿಷಿಗೆ ತಂದ: "ಇಷ್ಟನ್ನೆಲ್ಲ ನಾವು ಒರೆಸಿದೆವೇ ಎಂದು ಕೇಳುತ್ತಾಳೆ."

ಅದರಿಂದ ತಗಡು ಮಾಡಿ ಯಂತ್ರಕ್ಕೆ ಹಾಕಿದರು. ಮೊದಲ ಹಾಳೆ ಹೊರಬಂತು. ಹುಬ್ಬಳ್ಳಿ ಹುಬ್ಬಳ್ಳಿಯಾಗಿತ್ತು. ನಾನು ಅಲ್ಲೇ ನಿಂತು ಅತ್ತೆ. ಆ ಹೊತ್ತಿಗೆ ಛಾಪಖಾನೆಯ ದೊಡ್ಡ ಅಧಿಕಾರಿ ಫೋಟೋಗ್ರಾಫರನನ್ನು ಕರಕೊಂಡು ಬಂದ. ಎರಡು ದೇಶಗಳ ಸ್ನೇಹದ ಬಗ್ಗೆ ಪತ್ರಿಕೆಗೆ ಚಿತ್ರ ಬೇಕಂತೆ, ನಾನು ನಕಾಶೆ ಹಿಡಿದು ನಗಬೇಕಂತೆ. ನಕಾಶೆ ಹಿಡಿದೆ. ನಗಲಿಲ್ಲ.

ಎಲ್ಲ ಹಾಳೆಗಳಿಗೂ ಒತ್ತು ಬೀಳುವವರೆಗೆ ಅಲ್ಲಿರಬೇಕೆಂದಿದ್ದೆ. ನನ್ನ ಪರವಾನಿಗೆಯ ಅವಧಿ ಮುಗಿಯಿತು. ಅರ್ಧ ರಾಶಿ ಉಳಿದಿತ್ತು. ಮ್ಯೂಲರ್ ಎದೆ ಮುಟ್ಟಿಕೊಂಡು ಆಗುತ್ತದೆ ಎಂದ. ಅದು ಸುಳ್ಳಾಗಿರಲಿಲ್ಲವೆಂದೇ ಈಗಲೂ ನಂಬುತ್ತೇನೆ. ಪಾಟೀಲರೂ ಹೇಳಿದರು: "ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ಎಲ್ಲಾ ಮಾಡಿಸೇ ಕಳಸ್ತೇನಿ."

ಮತ್ತೆ ಹುಬ್ಬಳ್ಳಿ

ನಕಾಶೆಗಳು ಹಡಗಿನಲ್ಲಿ ಬಂದು ಅಂಗಡಿಯವರ ಹತ್ತಿಯ ಗೋದಾಮು ಸೇರಿದಾಗ ಮಳೆಗಾಲ. ಕಟ್ಟು ಬಿಚ್ಚಲು ನನ್ನನ್ನೇ ಕರೆದರು. ಮೇಲಿನ ಕಟ್ಟುಗಳು ಚೊಕ್ಕ. ಕೆಳಗಿನ ಕಟ್ಟು ಬಿಚ್ಚಿದೆ. ಹುಬಳಿ. ಅದರ ಕೆಳಗಿನದು, ಹುಬಳಿ. ನಾನು ಹೊರಟ ಮೇಲೆ ಯಂತ್ರದ ಸರದಿ ಮುಗಿಯಿತೆಂದೋ, ಮ್ಯೂಲರನಿಗೆ ಬೇರೆ ಕೆಲಸ ಕೊಟ್ಟರೆಂದೋ, ಪಾಟೀಲರು ಉಳಿದವನ್ನು ಹಾಗೆಯೇ ಕಟ್ಟಿಸಿ ಸಾಗಿಸಿದ್ದರು.

ಅಂಗಡಿಯವರು ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ತಮ್ಮ ಊರಿನ ಹೆಸರು ಓದಿ ಅವರ ಮುಖವೂ ಒಂದು ಕ್ಷಣ ಸಣ್ಣದಾಯಿತು. ಆಮೇಲೆ ಅವರೊಳಗಿನ ವ್ಯಾಪಾರಿ ಎಚ್ಚೆತ್ತ. "ಛಲೋ ಇದ್ದವನ್ನ ಪ್ಯಾಟಿ ಸಾಲಿಗೆ ಕೊಡೂಣು. ಇವನ್ನ ದೂರದ ತಾಲೂಕಿಗೆ ಹಾಕಿದ್ರ ಆತು. ಅಲ್ಲೆ ಯಾರು ನೋಡ್ತಾರ?"

ಎರಡು ಊರು, ಇಬ್ಬರು ಮನುಷ್ಯರು, ಒಬ್ಬರಿಗೊಬ್ಬರು ಕೇಳದೆ ಅದೇ ಮಾತು. ನಾನು ಇಲಾಖೆಯ ಸಾಹೇಬರ ಹತ್ತಿರ ಹೋದೆ. ಅವರಿಗೆ ವರ್ಗವಾಗಿತ್ತು. ಹೊಸದಾಗಿ ಬಂದವರು ನನ್ನ ಮಾತನ್ನು ತಾಳ್ಮೆಯಿಂದ ಕೇಳಿ, ನೋಡೋಣ ಎಂದರು. ನೋಡುವುದರೊಳಗೆ ಗೋದಾಮು ಖಾಲಿಯಾಯಿತು.

ನಮ್ಮ ಸಂಸ್ಥೆಯಿಂದ ಹಳ್ಳಿಯ ಶಾಲೆಗಳಿಗೆ ಪಾಠ ನೋಡಲು ಹೋಗುವ ಕೆಲಸ ನನಗೆ ಆಗಾಗ ಬರುತ್ತದೆ. ಈಗ ಚೀಲದಲ್ಲಿ ಕಪ್ಪು ಮಸಿಯ ಕುಡಿಕೆ, ಲೇಖನಿ ಇಟ್ಟುಕೊಂಡೇ ಹೋಗುತ್ತೇನೆ. ಮೊನ್ನೆ ರೋಣದ ಆಚೆಯ ಒಂದು ಹಳ್ಳಿಗೆ ಹೋದಾಗ ಪಾಠಕ್ಕಿಂತ ಮೊದಲು ಗೋಡೆ ನೋಡಿದೆ. ಇತ್ತು. ಕುರ್ಚಿ ಎಳೆದು ಹತ್ತಿ, ಹುಬಳಿಯ ಕೆಳಗೆ ಬ ಒತ್ತು, ಳ ಒತ್ತು ಬರೆದೆ. ಮಸಿ ಆರಲು ಊದುತ್ತಿದ್ದಾಗ ಆ ಶಾಲೆಯ ಹೆಡ್‌ಮಾಸ್ತರರು ಓಡಿ ಬಂದರು. ವಯಸ್ಸಾದವರು, ಕೈಯಲ್ಲಿ ಇನ್ನೂ ಸುಣ್ಣದಕಡ್ಡಿ.

"ಅಕ್ಕಾರ, ಏನು ಮಾಡಾಕತ್ತೀರಿ? ಸರಕಾರದ ನಕಾಶಿ ಅದು. ಜರ್ಮನಿಯೊಳಗ ಛಾಪಿಸಿದ್ದು. ಅದನ್ನ ತಿದ್ದಾಕ ನೀವ್ಯಾರು?"

ಹೇಳಬೇಕಾದದ್ದು ಬಹಳವಿತ್ತು. ಅವರ ಹಿಂದೆ ಮಕ್ಕಳೆಲ್ಲ ಕತ್ತೆತ್ತಿ ನಕಾಶೆಯನ್ನೇ ನೋಡುತ್ತಿದ್ದರು.

"ಕುರ್ಚಿ ಅಲಗಾಡತೈತಿ, ಸ್ವಲ್ಪ ಹಿಡೀರಿ ಮಾಸ್ತರ," ಎಂದೆ. "ಇನ್ನೂ ಬಳ್ಳಾರಿ ಉಳದೈತಿ."